ನಡುವೆ ಎದ್ದು ಹೋದವರು

ಬಿ.ಎಡ್. ಓದುವಾಗ ಸಿಗ್ಮಂಡ್ ಫ್ರಾಯ್ಡ್ ನಮಗೆ ಐದು ಅಂಕದ ಒಂದು ಪ್ರಶ್ನೆಯಾಗಿದ್ದ. ಇದ್, ಅಹಂ, ಪರಾಹಂ ಎಂದು ಮೂರು ಪರಿಚ್ಛೇದ ಬರೆದು, ಪಕ್ಕದಲ್ಲಿ ನೀರಿನಲ್ಲಿ ತೇಲುವ ಮಂಜುಗಡ್ಡೆಯ ಚಿತ್ರ ಎಳೆದರೆ ನಾಲ್ಕು ಅಂಕಕ್ಕೆ ಮೋಸವಿರಲಿಲ್ಲ. ಆತನ ಬಳಿ ಬಂದವರು ಎಷ್ಟು ದಿನ ಬಂದರು, ಯಾಕೆ ಬಂದರು, ಯಾಕೆ ಬಿಟ್ಟು ಹೋದರು ಎಂಬುದನ್ನು ನಮಗೆ ಯಾರೂ ಹೇಳಲಿಲ್ಲ, ನಾವೂ ಕೇಳಲಿಲ್ಲ. ಪರೀಕ್ಷೆಗೆ ಬಾರದ್ದನ್ನು ಕೇಳುವ ಅಭ್ಯಾಸ ನಮಗಿರಲಿಲ್ಲ.

ಆ ಪ್ರಶ್ನೆ ನನ್ನ ತಲೆಗೆ ಹತ್ತಿದ್ದು ಎಷ್ಟೋ ವರ್ಷಗಳ ಮೇಲೆ, ಒಬ್ಬ ಹುಡುಗಿಯ ದೆಸೆಯಿಂದ. 2009ರಲ್ಲಿ ದಸರಾ ರಜೆ ಮುಗಿದು ಶಾಲೆ ತೆರೆದಿತ್ತು. ಒಂಬತ್ತನೇ ತರಗತಿಯ ಈ ಹುಡುಗಿ, ರಜೆಯಲ್ಲಿ ತಂದೆ ತೀರಿಕೊಂಡ ಮೇಲೆ, ಮಾತು ಬಿಟ್ಟಿದ್ದಳು. ಹಾಜರಿ ಕೂಗಿದರೆ ಕೈ ಎತ್ತುವಳು, ಬಾಯಿ ತೆರೆಯಳು. ರಾತ್ರಿ ನಿದ್ದೆಯಿಲ್ಲ, ಅನ್ನ ಸೇರುವುದಿಲ್ಲ ಎಂದು ತಾಯಿ ಬಂದು ಹೇಳಿಕೊಂಡಳು. ನಾನು ಪರಿಚಯದವರನ್ನು ಹಿಡಿದು ಜಿಲ್ಲಾ ಕೇಂದ್ರದಲ್ಲಿ ಆಪ್ತಸಲಹೆ ನೀಡುವ ಒಬ್ಬರ ಬಳಿ ಸಮಯ ಗೊತ್ತುಮಾಡಿದೆ. ಪ್ರತಿ ಗುರುವಾರದಂತೆ ಹತ್ತು ವಾರ ಬರಬೇಕೆಂದು ಅವರು ಹೇಳಿದರು. ತಾಯಿ ಮಗಳು ಎರಡು ಗುರುವಾರ ಹೋದರು. ಮೂರನೆಯ ಗುರುವಾರ ನೋಡಿದರೆ ಹುಡುಗಿ ತರಗತಿಯಲ್ಲೇ ಕುಳಿತಿದ್ದಾಳೆ!

ಸಂಜೆ ಶಾಲೆ ಬಿಟ್ಟವಳೇ ಅವರ ಮನೆಗೆ ಹೋದೆ. ತಾಯಿ ಅಡಿಕೆ ಸುಲಿಯುತ್ತ ಕುಳಿತಿದ್ದಳು. "ಹೋಗಿ ಏನ್ ಮಾಡೋದು ಟೀಚರಮ್ಮ? ಅವ್ರು ಏನೂ ಹೇಳಲ್ಲ, ನಮ್ಮನ್ನೇ ಕೇಳ್ತಾರೆ. ಒಂದಿನದ ಕೂಲಿ ಹೋಗುತ್ತೆ, ಮೇಲೆ ಬಸ್ ಚಾರ್ಜು" ಎಂದಳು. ಸುಲಿಯುವ ಕೈ ನಿಲ್ಲಲಿಲ್ಲ. ನನಗೆ ಅದೂ ಸಿಟ್ಟು ತಂದಿತು. "ಅರ್ಧಕ್ಕೆ ಬಿಟ್ಟರೆ ನಿನ್ನ ಮಗಳ ಪಾಪ ನಿನ್ನ ತಲೆಗೇ" ಎಂದುಬಿಟ್ಟೆ. ಗಂಡನನ್ನು ಕಳೆದುಕೊಂಡು ತಿಂಗಳೂ ಆಗದವಳಿಗೆ ಆಡುವ ಮಾತೇ ಅದು? ಈಗ ಬರೆಯುವಾಗಲೂ ಗಂಟಲಿಗೆ ಸಿಕ್ಕಿಕೊಳ್ಳುತ್ತದೆ.

ಶಾಲೆ ಬಿಟ್ಟ ಮಕ್ಕಳನ್ನು ನಮ್ಮ ಇಲಾಖೆಯ ಕಾಗದಗಳಲ್ಲಿ 'ಡ್ರಾಪ್‌ಔಟ್' ಎನ್ನುತ್ತಾರೆ. ಮನೋಚಿಕಿತ್ಸೆಯನ್ನು ನಡುವೆ ಬಿಟ್ಟವರಿಗೂ ಸಂಶೋಧಕರು ಇದೇ ಶಬ್ದ ಬಳಸುತ್ತಾರೆಂದು ಮುಂದೆ ಓದಿ ತಿಳಿದಾಗ ನನಗೆ ನಗು ಬಂದಿತ್ತು. ಶಾಲೆ ಬಿಟ್ಟವರನ್ನು ಹುಡುಕಿಕೊಂಡು ಮನೆಮನೆ ತಿರುಗಿ ನಮೂನೆ ತುಂಬಿದ ಅನುಭವ ನನ್ನಂಥ ಮೇಷ್ಟ್ರುಗಳಿಗೆಲ್ಲ ಇದೆ. ಬಡತನ, ವಲಸೆ, ತಮ್ಮ ತಂಗಿಯರನ್ನು ನೋಡಿಕೊಳ್ಳುವುದು ಎಂದು ಕಾರಣಗಳ ಅಂಕಣಗಳಿರುತ್ತವೆ. ಕೊನೆಯಲ್ಲಿ 'ಮಗುವಿಗೆ ಆಸಕ್ತಿ ಇಲ್ಲ' ಎಂಬುದೊಂದು. ಬಿಸಿಲಲ್ಲಿ ತಿರುಗಿ ಸುಸ್ತಾದಾಗ ಕೈ ತಾನಾಗಿ ಆ ಅಂಕಣಕ್ಕೇ ಹೋಗುತ್ತದೆ. ಆ ಒಂದು ಗುರುತಿನಿಂದ ಶಾಲೆಯೂ ಪಾರು, ಇಲಾಖೆಯೂ ಪಾರು. ಮನೋಚಿಕಿತ್ಸೆಯ ಇತಿಹಾಸವನ್ನು ಬೇಸಿಗೆ ರಜೆಗಳಲ್ಲಿ ಒಂದಿಷ್ಟು ಓದುತ್ತ ಹೋದಂತೆ, ಅಲ್ಲಿಯೂ ಬಹುಕಾಲ ಇದೇ ಅಂಕಣವನ್ನು ತುಂಬಿದ್ದಾರೆಂದು ನನಗೆ ಅನಿಸಿತು.

ಆ ಇತಿಹಾಸದಲ್ಲಿ ನಡುವೆ ಎದ್ದು ಹೋದವರ ಪೈಕಿ ಎಲ್ಲರಿಗಿಂತ ಹೆಸರಾದವಳು ವಿಯೆನ್ನಾದ ಒಬ್ಬ ಹುಡುಗಿ. ಫ್ರಾಯ್ಡ್ ಅವಳಿಗಿಟ್ಟ ಹೆಸರು ಡೋರಾ, ನಿಜವಾದ ಹೆಸರು ಇಡಾ ಬಾವರ್. 1900ರ ಅಕ್ಟೋಬರಿನಲ್ಲಿ, ಹದಿನೆಂಟು ತುಂಬುವ ಹೊತ್ತಿಗೆ, ಅವಳ ತಂದೆಯೇ ಅವಳನ್ನು ಕರೆತಂದ. ಕೆಮ್ಮು, ಆಗಾಗ ಸ್ವರ ಉಡುಗಿಹೋಗುವುದು, ಸಾಯುತ್ತೇನೆಂದು ಬರೆದಿಟ್ಟ ಒಂದು ಚೀಟಿ, ಇವು ಕಾಯಿಲೆಯ ಲಕ್ಷಣಗಳು. ಹಿನ್ನೆಲೆ ಹೀಗೆ: ಮನೆಯ ಸ್ನೇಹಿತನೊಬ್ಬ ಸರೋವರದ ದಂಡೆಯಲ್ಲಿ ಅವಳಿಗೆ ಕೆಟ್ಟ ಸೂಚನೆ ಮಾಡಿದ್ದ. ಅವಳು ಅವನ ಕೆನ್ನೆಗೆ ಹೊಡೆದು ಬಂದು ಮನೆಯಲ್ಲಿ ಹೇಳಿದ್ದಳು. ಅವನು ಅಂಥದ್ದೇನೂ ನಡೆದೇ ಇಲ್ಲವೆಂದ. ತಂದೆ ಮಗಳ ಮಾತು ಬಿಟ್ಟು ಅವನ ಮಾತನ್ನು ನಂಬಿದ. ನಂಬಲು ಕಾರಣವೂ ಇತ್ತು, ಆ ಸ್ನೇಹಿತನ ಹೆಂಡತಿಯೊಡನೆ ತಂದೆಗೆ ಸಂಬಂಧವಿತ್ತು. ಹುಡುಗಿಗೆ ಬುದ್ಧಿ ಬರಿಸಿ ಎಂಬುದು ತಂದೆ ವೈದ್ಯನಿಗೆ ಒಪ್ಪಿಸಿದ ಕೆಲಸ.

ಫ್ರಾಯ್ಡ್ ಆ ಹುಡುಗಿಯನ್ನು ಸುಳ್ಳುಗಾತಿ ಎನ್ನಲಿಲ್ಲ, ಅದು ಅವನ ದೊಡ್ಡತನ. ಆದರೆ ಅವಳ ಒಳಮನಸ್ಸಿನಲ್ಲಿ ಆ ಗಂಡಸಿನ ಮೇಲೆ ಆಸೆಯಿತ್ತು ಎಂದು ಅವಳಿಂದ ಒಪ್ಪಿಸಲು ಹನ್ನೊಂದು ವಾರ ಶ್ರಮಪಟ್ಟ. 1900ರ ಡಿಸೆಂಬರ್ 31ರಂದು ಅವಳು, ತಾನು ಬರುವುದು ಇದೇ ಕೊನೆ ಎಂದಳು. ಯಾವಾಗ ನಿರ್ಧರಿಸಿದೆ ಎಂದರೆ ಹದಿನೈದು ದಿನದ ಹಿಂದೆ ಎಂದಳು. ಕೆಲಸ ಬಿಡುವ ಮನೆಗೆಲಸದವಳು ಹದಿನೈದು ದಿನ ಮುಂಚೆ ತಿಳಿಸಿದಂತಾಯಿತಲ್ಲ ಎಂದು ಅವನು ಅದಕ್ಕೂ ಒಂದು ಅರ್ಥ ತೆಗೆದ. ಅವಳು ಹೊಸ ವರ್ಷದ ಶುಭಾಶಯ ಹೇಳಿ ಹೋದಳು. 1905ರಲ್ಲಿ ಅಚ್ಚಾದ ಆ ವೃತ್ತಾಂತದಲ್ಲಿ ಅವಳು ಹೋದದ್ದನ್ನು ಸೇಡು ಎಂದು ಆತ ವಿವರಿಸಿದ್ದಾನೆ. ಬೇರೊಬ್ಬರ ಮೇಲಿನ ಭಾವನೆಗಳನ್ನು ಅವಳು ತನ್ನ ಮೇಲೆ ಹೊರಿಸುತ್ತಿದ್ದುದನ್ನು ಸಕಾಲದಲ್ಲಿ ಗಮನಿಸದೆ ಹೋದೆ ಎಂಬ ತಪ್ಪೊಪ್ಪಿಗೆಯೂ ಅಲ್ಲಿಯೇ ಇದೆ. ತನ್ನ ಸೋಲನ್ನು ತಾನೇ ಅಚ್ಚುಹಾಕಿಸುವ ವೈದ್ಯರು ಎಷ್ಟು ಮಂದಿ?

ನನ್ನನ್ನು ತಡೆದು ನಿಲ್ಲಿಸಿದ್ದು ಆ ವೃತ್ತಾಂತದ ಕೊನೆಯ ಪುಟಗಳು. 1901ರ ಮೇ ತಿಂಗಳಲ್ಲಿ ಆ ಸ್ನೇಹಿತನ ಮನೆಯಲ್ಲಿ ಮಗುವೊಂದು ತೀರಿಕೊಂಡಿತು. ಡೋರಾ ದುಃಖ ವಿಚಾರಿಸಲು ಹೋದಳು. ಹೋದವಳು ಆ ಹೆಂಗಸಿಗೆ, ನನ್ನ ತಂದೆಯೊಡನೆ ನಿನ್ನ ಸಂಬಂಧ ನನಗೆ ಗೊತ್ತು ಎಂದಳು, ಆಕೆ ಅಲ್ಲಗಳೆಯಲಿಲ್ಲ. ಗಂಡನ ಬಾಯಿಂದ ಸರೋವರದ ದಂಡೆಯ ಸಂಗತಿಯನ್ನು ಒಪ್ಪಿಸಿದಳು. ಎರಡನ್ನೂ ತಂದು ತಂದೆಯ ಮುಂದಿಟ್ಟಳು. ಎರಡು ಮನೆಗಳ ದೊಡ್ಡವರು ಸೇರಿ ಮುಚ್ಚಿಟ್ಟಿದ್ದನ್ನು ಒಬ್ಬಳೇ ಹುಡುಗಿ ಒಂದು ಮಧ್ಯಾಹ್ನದಲ್ಲಿ ಬಿಚ್ಚಿದಳು. ಆ ಹನ್ನೊಂದು ವಾರ ಮಾತನಾಡಿದ್ದರಿಂದ ಆ ಧೈರ್ಯ ಬಂದಿತೋ, ಎದ್ದು ಬಂದದ್ದರಿಂದ ಬಂದಿತೋ, ಅದನ್ನು ಅವಳೇ ಹೇಳಬೇಕಿತ್ತು. 1902ರ ಏಪ್ರಿಲ್ 1ರಂದು ಮುಖದ ನೋವೆಂದು ಅವಳು ಮತ್ತೆ ಫ್ರಾಯ್ಡ್‌ನ ಬಾಗಿಲಿಗೆ ಬಂದಳು. ಅವಳ ಮುಖ ನೋಡಿಯೇ ಇವಳು ಮನಸಾರೆ ಬಂದಿಲ್ಲವೆಂದು ತೀರ್ಮಾನಿಸಿ ಆತ ಚಿಕಿತ್ಸೆಗೆ ತೆಗೆದುಕೊಳ್ಳಲಿಲ್ಲ. ಹೀಗೆ, ಬಿಟ್ಟವಳೆಂದು ನಾವು ಕರೆಯುವವಳು ಹದಿನೈದು ತಿಂಗಳ ಮೇಲೆ ಮರಳಿ ಬಂದಿದ್ದಳು. ಬಾಗಿಲು ಹಾಕಿಕೊಂಡದ್ದು ಒಳಗಿನವನು.

ಎಷ್ಟು ದಿನ ಬರಬೇಕೆಂಬ ಪ್ರಶ್ನೆಯನ್ನು ಫ್ರಾಯ್ಡ್ ಎದುರಿಸಿದ್ದು 1913ರ ಒಂದು ಲೇಖನದಲ್ಲಿ. ಊರು ಎಷ್ಟು ದೂರ ಎಂದು ಕೇಳಿದ ದಾರಿಹೋಕನಿಗೆ 'ಮೊದಲು ನಡೆ' ಎಂದ ಈಸೋಪನ ಕತೆಯನ್ನು ಅಲ್ಲಿ ನೆನೆಯುತ್ತಾನೆ. ನಡೆಯುವವನ ಹೆಜ್ಜೆ ನೋಡದೆ ದೂರ ಹೇಳಲಾಗದು ಎಂಬುದು ಅದರ ತಾತ್ಪರ್ಯ. ಅದೇ ಲೇಖನದಲ್ಲಿ ವಾರಕ್ಕೆ ಆರು ದಿನ ಬರಬೇಕು, ಗೊತ್ತುಮಾಡಿದ ಗಂಟೆಗೆ ಬರಲಿ ಬಿಡಲಿ ಹಣ ಕೊಡಬೇಕು ಎಂಬ ನಿಯಮವೂ ಇದೆ. ವಾರಕ್ಕೆ ಆರು ದಿನ ಹಗಲು ಹೊತ್ತಿನಲ್ಲಿ ಒಂದು ಗಂಟೆ ಬಿಡುವು ಮಾಡಿಕೊಳ್ಳಬಲ್ಲವರು ಯಾರು? ಕೂಲಿಯವರಂತೂ ಅಲ್ಲ, ಮೇಷ್ಟ್ರುಗಳೂ ಅಲ್ಲ. ಹೆಜ್ಜೆ ನೋಡಬೇಕೆಂದವನು ಚಪ್ಪಲಿಯ ಬೆಲೆಯನ್ನು ಲೆಕ್ಕಕ್ಕೆ ಹಿಡಿಯಲಿಲ್ಲ ಎನ್ನೋಣವೇ?

ಹಾಗೆಂದರೆ ಅನ್ಯಾಯವಾದೀತು. ಬಡವನಿಗೆ ದೇಹದ ಚಿಕಿತ್ಸೆಗೆ ಇರುವಷ್ಟೇ ಹಕ್ಕು ಮನಸ್ಸಿನ ಚಿಕಿತ್ಸೆಗೂ ಇದೆ ಎಂದು 1918ರಲ್ಲಿ ಬುಡಾಪೆಸ್ಟಿನ ಸಮ್ಮೇಳನದಲ್ಲಿ ಹೇಳಿದವನೂ ಅವನೇ. ಆ ಮಾತು ಹಿಡಿದು 1920ರಲ್ಲಿ ಮ್ಯಾಕ್ಸ್ ಐಟಿಂಗೋನ್ ಮೊದಲಾದವರು ಬರ್ಲಿನ್ನಿನಲ್ಲಿ ಒಂದು ಚಿಕಿತ್ಸಾಲಯ ತೆರೆದರು. ಇದ್ದವರು ಕೊಟ್ಟಷ್ಟು ತೆಗೆದುಕೊಂಡರು, ಇಲ್ಲದವರಿಗೆ ಉಚಿತ. ಅವರು ಇನ್ನೊಂದು ಪುಣ್ಯ ಕಟ್ಟಿಕೊಂಡರು, ಲೆಕ್ಕ ಇಟ್ಟರು. ಹತ್ತು ವರ್ಷಗಳಲ್ಲಿ ಮುಗಿದ 604 ಚಿಕಿತ್ಸೆಗಳಲ್ಲಿ 241 ನಡುವೆಯೇ ನಿಂತವು. ಉಚಿತವಿದ್ದ ಕಡೆಯೂ ನೂರಕ್ಕೆ ನಲವತ್ತು! ಹಾಗಾದರೆ ಹಣವೊಂದೇ ಕಾರಣವಲ್ಲ. ನಮ್ಮಲ್ಲಿ ಶುಲ್ಕವಿಲ್ಲ, ಪುಸ್ತಕ ಸಮವಸ್ತ್ರ ಉಚಿತ, ಮಧ್ಯಾಹ್ನ ಬಿಸಿಯೂಟವೂ ಇದೆ. ಆದರೂ ಮಕ್ಕಳು ಶಾಲೆ ಬಿಡುತ್ತಾರೆ.

ಇನ್ನು ಎರಡು ತುದಿಗಳನ್ನು ನೋಡಿ. 1910ರ ಆಗಸ್ಟಿನಲ್ಲಿ ಸಂಗೀತಗಾರ ಗುಸ್ತಾವ್ ಮಾಹ್ಲರ್, ಹಲವು ಸಲ ಸಮಯ ಕೇಳಿ ಹಲವು ಸಲ ರದ್ದುಮಾಡಿ, ಕೊನೆಗೆ ಹಾಲೆಂಡಿನ ಲೈಡನ್ ಪಟ್ಟಣದಲ್ಲಿ ಫ್ರಾಯ್ಡ್‌ನನ್ನು ಕಂಡ. ಇಬ್ಬರೂ ಬೀದಿಗಳಲ್ಲಿ ಸುಮಾರು ನಾಲ್ಕು ಗಂಟೆ ನಡೆದರು. ಚಿಕಿತ್ಸೆ ಅಷ್ಟೇ. ಹೆಂಡತಿಯನ್ನು ಕಳೆದುಕೊಳ್ಳುವ ಭಯದಲ್ಲಿ ಬೆಂದುಹೋಗಿದ್ದ ಮಾಹ್ಲರ್ ಸಮಾಧಾನ ಹೊಂದಿ ಮರಳಿದ. ಅದೇ ವರ್ಷ ರಷ್ಯಾದ ಜಮೀನ್ದಾರಿ ಮನೆತನದ ತರುಣ ಸೆರ್ಗೇಯ್ ಪಾಂಕೆಯೆಫ್ ಬಂದ. ಓದುಗರು 'ತೋಳ ಮನುಷ್ಯ' ಎಂಬ ಅವನ ಅಡ್ಡಹೆಸರನ್ನು ಕೇಳಿರಬಹುದು. ನಾಲ್ಕು ವರ್ಷ ಕಳೆದರೂ ಆತ ಹಾಯಾಗಿ ಬರುತ್ತಲೇ ಇದ್ದ. ಬೇಸತ್ತ ಫ್ರಾಯ್ಡ್, ಇಂಥ ದಿನಕ್ಕೆ ಮುಗಿಸುತ್ತೇನೆ ಎಂದು ಗಡುವು ಹಾಕಿ 1914ರ ಜುಲೈನಲ್ಲಿ ಕಳಿಸಿಕೊಟ್ಟ. ಕ್ರಾಂತಿಯಲ್ಲಿ ಆಸ್ತಿ ಕಳೆದುಕೊಂಡು 1919ರಲ್ಲಿ ಆತ ಮತ್ತೆ ಬಂದ. 1926ರಲ್ಲಿ ಫ್ರಾಯ್ಡ್‌ನ ಶಿಷ್ಯೆಯೊಬ್ಬಳ ಬಳಿ ಹೋದ. 1979ರಲ್ಲಿ ಸಾಯುವವರೆಗೂ ಒಬ್ಬರಲ್ಲ ಒಬ್ಬ ವೈದ್ಯರ ನೆರಳಿನಲ್ಲಿಯೇ ಇದ್ದ. ಕೊನೆತನಕ ಉಳಿದವನೇ ಒಳ್ಳೆಯ ರೋಗಿ ಎನ್ನುವುದಾದರೆ ಇವನಿಗೆ ಪದಕ ಕೊಡಬೇಕು.

ಎರಡನೇ ಮಹಾಯುದ್ಧದ ಮೇಲೆ ಈ ವಿಷಯದ ಕೇಂದ್ರ ಅಮೆರಿಕಕ್ಕೆ ಸರಿಯಿತು. 1942ರ ತನ್ನ ಪುಸ್ತಕದಲ್ಲಿ ಕಾರ್ಲ್ ರೋಜರ್ಸ್ 'ರೋಗಿ' ಎಂಬ ಶಬ್ದವನ್ನು ಬದಿಗಿಟ್ಟು 'ಕ್ಲಯಂಟ್' ಎಂದು ಕರೆದ. ನಮ್ಮಲ್ಲಿ ಕಕ್ಷಿದಾರ ಎಂದರೆ ಕೋರ್ಟು ನೆನಪಾಗುತ್ತದೆ. ಅವನ ಉದ್ದೇಶ ಬೇರೆ. ಬಂದವರು ತಮ್ಮ ಕಾಲ ಮೇಲೆ ಬಂದಿದ್ದಾರೆ, ಹೋಗುವ ಹಕ್ಕೂ ಅವರದೇ. 1958ರಲ್ಲಿ ಹಾಲಿಂಗ್ಸ್‌ಹೆಡ್ ಮತ್ತು ರೆಡ್ಲಿಕ್ ಎಂಬಿಬ್ಬರು ನ್ಯೂ ಹೇವನ್ ನಗರದ ಅಧ್ಯಯನ ಪ್ರಕಟಿಸಿ, ಮಾತಿನ ಚಿಕಿತ್ಸೆ ಹೆಚ್ಚಾಗಿ ಮೇಲಿನ ವರ್ಗಕ್ಕೆ, ಮಾತ್ರೆ ಮತ್ತು ವಿದ್ಯುತ್ ಚಿಕಿತ್ಸೆ ಹೆಚ್ಚಾಗಿ ಕೆಳಗಿನ ವರ್ಗಕ್ಕೆ ದಕ್ಕುತ್ತಿದೆಯೆಂದು ತೋರಿಸಿದರು. ಬಾಲ್ಟಿಮೋರಿನ ಜಾನ್ಸ್ ಹಾಪ್‌ಕಿನ್ಸ್‌ನಲ್ಲಿ ಜೆರೋಮ್ ಫ್ರಾಂಕ್‌ನ ತಂಡ 1964ರಲ್ಲಿ ಮಾಡಿದ ಪ್ರಯೋಗವಂತೂ ನನಗೆ ಬಹಳ ಹಿಡಿಸಿತು. ಚಿಕಿತ್ಸೆಗೆ ಮುಂಚೆ ಕೆಲವರನ್ನು ಕೂರಿಸಿಕೊಂಡು, ಇಲ್ಲಿ ಏನು ನಡೆಯುತ್ತದೆ, ವೈದ್ಯರು ಯಾಕೆ ಹೆಚ್ಚು ಮಾತನಾಡುವುದಿಲ್ಲ, ನೀವು ಏನು ಮಾಡಬೇಕು, ಗುಣ ಕಾಣಲು ಎಷ್ಟು ಕಾಲ ಬೇಕು ಎಂದು ಬಿಡಿಸಿ ಹೇಳಿದರು. ಉಳಿದವರಿಗೆ ಹೇಳಲಿಲ್ಲ. ಕೇಳಿಸಿಕೊಂಡವರು ತಪ್ಪದೆ ಬಂದರು, ಅವರಿಗೆ ಗುಣವೂ ಹೆಚ್ಚು ಕಂಡಿತು. "ಅವ್ರು ಏನೂ ಹೇಳಲ್ಲ, ನಮ್ಮನ್ನೇ ಕೇಳ್ತಾರೆ" ಎಂದ ಆ ತಾಯಿಗೆ ನಾನು ಹೀಗೆ ಒಂದು ಮಾತು ಮೊದಲೇ ಹೇಳಿದ್ದರೆ! ನಾನು ಬಸ್ಸಿನ ನಂಬರು ಹೇಳಿದ್ದೆ, ಕಟ್ಟಡದ ಗುರುತು ಹೇಳಿದ್ದೆ, ಒಳಗೆ ಏನಾಗುತ್ತದೆಂದು ಹೇಳಿರಲಿಲ್ಲ. ನನಗೇ ಗೊತ್ತಿದ್ದರೆ ತಾನೆ?

ಮುಂದೆ ಅಂಕಿಗಳ ಕಾಲ ಬಂತು. 1986ರಲ್ಲಿ ಕೆನೆತ್ ಹೋವರ್ಡ್ ಮತ್ತು ಸಂಗಡಿಗರು, ಎಂಟು ಭೇಟಿಗಳ ಹೊತ್ತಿಗೆ ಸುಮಾರು ಅರ್ಧದಷ್ಟು ಮಂದಿಗೆ, ಇಪ್ಪತ್ತಾರರ ಹೊತ್ತಿಗೆ ಮುಕ್ಕಾಲು ಪಾಲಿಗೆ ಗುಣ ಕಾಣುತ್ತದೆಂದು ಲೆಕ್ಕ ಹಾಕಿದರು. 1993ರಲ್ಲಿ 125 ಅಧ್ಯಯನಗಳನ್ನು ಒಟ್ಟು ಹಾಕಿದವರಿಗೆ ನಡುವೆ ಬಿಟ್ಟವರು ನೂರಕ್ಕೆ ಸುಮಾರು 47 ಎಂದು ಕಂಡಿತು. ಓದು ಕಡಿಮೆ ಇದ್ದವರು, ಆದಾಯ ಕಡಿಮೆ ಇದ್ದವರು, ಅಲ್ಪಸಂಖ್ಯಾತ ಜನಾಂಗಗಳವರು ಹೆಚ್ಚು ಬಿಡುತ್ತಾರೆಂದೂ ಕಂಡಿತು. 2012ರಲ್ಲಿ 669 ಅಧ್ಯಯನಗಳನ್ನು ಸೇರಿಸಿ ನೋಡಿದ ಸ್ವಿಫ್ಟ್ ಮತ್ತು ಗ್ರೀನ್‌ಬರ್ಗ್ ನೂರಕ್ಕೆ 20 ಎಂದರು; ಕಿರಿಯ ವಯಸ್ಸಿನವರು ಹೆಚ್ಚು ಬಿಡುತ್ತಾರೆ, ಇನ್ನೂ ತರಬೇತಿಯಲ್ಲಿರುವ ಚಿಕಿತ್ಸಕರ ಬಳಿ ಹೆಚ್ಚು ಬಿಡುತ್ತಾರೆ ಎಂದರು. ನಲವತ್ತೇಳೋ ಇಪ್ಪತ್ತೋ? ಬಿಡುವುದು ಎಂದರೇನು ಎಂಬ ಲೆಕ್ಕದಲ್ಲಿಯೇ ಎಷ್ಟೋ ವ್ಯತ್ಯಾಸವಿದೆ. ಇಷ್ಟು ಭೇಟಿಗಿಂತ ಕಡಿಮೆ ಬಂದವರೆಲ್ಲ ಬಿಟ್ಟವರೆಂದರೆ ಒಂದು ಸಂಖ್ಯೆ, ಚಿಕಿತ್ಸಕರ ಅಭಿಪ್ರಾಯ ಕೇಳಿದರೆ ಇನ್ನೊಂದು. ಎಷ್ಟು ದಿನ ಗೈರಾದರೆ ಶಾಲೆ ಬಿಟ್ಟಂತೆ ಎಂಬ ನಿಯಮ ಬದಲಾದಾಗ ಮಕ್ಕಳ ಸಂಖ್ಯೆ ಏರಿಳಿಯುವುದನ್ನು ಕಂಡ ನಮಗೆ ಇದು ಹೊಸತಲ್ಲ.

ನನ್ನ ಎದೆ ತಟ್ಟಿದ್ದು ಮೋಷೆ ತಾಲ್ಮನ್ ಎಂಬ ಚಿಕಿತ್ಸಕನ ಕೆಲಸ. ಕ್ಯಾಲಿಫೋರ್ನಿಯಾದ ಕೈಸರ್ ಪರ್ಮನೆಂಟೆ ಸಂಸ್ಥೆಯಲ್ಲಿದ್ದ ಈತ ಕಡತಗಳನ್ನು ತಿರುವಿದಾಗ, ಯಾರ ಬಳಿ ಹೋದವರಾದರೂ ಎಲ್ಲಕ್ಕಿಂತ ಹೆಚ್ಚು ಮಂದಿ ಬಂದದ್ದು ಒಂದೇ ಒಂದು ಸಲ ಎಂದು ತಿಳಿಯಿತು. ಒಂದೇ ಸಲ ಬಂದುಹೋದ ತನ್ನದೇ 200 ಮಂದಿಗೆ ಆತ ಫೋನು ಮಾಡಿದ. ಬೈಸಿಕೊಳ್ಳಲು ಸಿದ್ಧನಾಗಿಯೇ ಮಾಡಿರಬೇಕು. ನೂರಕ್ಕೆ 78 ಮಂದಿ, ತಮಗೆ ಬೇಕಾದ್ದು ಸಿಕ್ಕಿತೆಂದೋ, ಹಗುರವಾಯಿತೆಂದೋ ಹೇಳಿದರು! 1990ರಲ್ಲಿ ಆತ ಇದನ್ನು ಪುಸ್ತಕವಾಗಿ ಬರೆದ. ಬಿಟ್ಟು ಹೋದವರನ್ನು ಹುಡುಕಿ ಕೇಳಿದವರು ಅಪರೂಪ. ಹಾಜರಾತಿ ಪುಸ್ತಕಕ್ಕೆ ಬಾಯಿಲ್ಲ.

ಹಾಗೆಂದು ಬಿಟ್ಟವರೆಲ್ಲ ಗುಣವಾಗಿಯೇ ಬಿಟ್ಟರೆಂದು ನಾನು ಹೇಳಲಾರೆ. ನನ್ನದೇ ಉದಾಹರಣೆ ಇದೆ. 2016ರಲ್ಲಿ ನನ್ನ ತಾಯಿ ತೀರಿಕೊಂಡ ಮೇಲೆ ನಿದ್ದೆ ಹಾರಿಹೋಗಿ, ನಾನೂ ಒಬ್ಬರ ಬಳಿ ನಾಲ್ಕು ಸಲ ಹೋದೆ. ನಾಲ್ಕನೆಯ ಸಲ ಅವರು, ನಿಮ್ಮ ತಾಯಿ ಇದ್ದಾರೆಯೇ ಎಂದು ಕೇಳಿದರು. ಮನೆಗೆ ಬಂದು, ನೆಂಟರು ಬರುತ್ತಾರೆ, ಮುಂದಿನ ವಾರ ಆಗುವುದಿಲ್ಲ ಎಂದು ಫೋನು ಮಾಡಿದೆ. ಯಾವ ನೆಂಟರೂ ಬರಲಿಲ್ಲ. ಎರಡು ವರ್ಷ ನಿದ್ದೆಯೂ ಬರಲಿಲ್ಲ. ಅವರ ಕಡತದಲ್ಲಿ ನಾನು ಯಾವ ಅಂಕಣದಲ್ಲಿದ್ದೇನೋ! ಚಿಕಿತ್ಸಕರಿಗೂ ಬಂದವರಿಗೂ ನಡುವೆ ಗುರಿಯ ಒಪ್ಪಂದ, ಕೆಲಸದ ಒಪ್ಪಂದ, ನಂಟು ಎಂಬ ಮೂರು ಇರಬೇಕೆಂದು ಎಡ್ವರ್ಡ್ ಬಾರ್ಡಿನ್ 1979ರಲ್ಲಿ ಬರೆದ. ಆ ನಂಟು ಸಡಿಲವಾದಲ್ಲಿ ಬಿಡುವವರು ಹೆಚ್ಚು ಎಂಬುದು ಆಮೇಲಿನ ಅಧ್ಯಯನಗಳಲ್ಲಿ ಮತ್ತೆಮತ್ತೆ ಕಂಡಿದೆ. ಅದಕ್ಕೆ ನಾನು ಯಾವ ಅಧ್ಯಯನವನ್ನೂ ಓದಬೇಕಿರಲಿಲ್ಲ.

ನಮ್ಮ ದೇಶದಲ್ಲಿ ಈ ಪ್ರಶ್ನೆಯನ್ನು ಮೊದಲು ನೇರವಾಗಿ ಎತ್ತಿಕೊಂಡವರಲ್ಲಿ ಬೆಂಗಳೂರಿನವರೂ ಇದ್ದರೆಂಬುದು ನಮಗೆ ಅಭಿಮಾನದ ಸಂಗತಿ. ಮೈಸೂರು ಸರ್ಕಾರದ ಮಾನಸಿಕ ಆಸ್ಪತ್ರೆಯ ಜೊತೆಗೆ 1954ರಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಆರಂಭವಾಯಿತು. 1974ರಲ್ಲಿ ಎರಡೂ ಕೂಡಿ ಈಗಿನ ನಿಮ್ಹಾನ್ಸ್ ಆಯಿತು. ಅಲ್ಲಿದ್ದ ಡಾ. ಎನ್. ಸಿ. ಸೂರ್ಯ ಅವರು ಸಹೋದ್ಯೋಗಿ ಜಯರಾಂ ಅವರೊಡನೆ 1964ರಲ್ಲಿ ಭಾರತದ ಸನ್ನಿವೇಶದಲ್ಲಿ ಮನೋಚಿಕಿತ್ಸೆ ಎಂಬ ವಿಷಯವಾಗಿ ಒಂದು ಪುಟ್ಟ ಲೇಖನ ಬರೆದರು. ಪಶ್ಚಿಮದ ಚೌಕಟ್ಟನ್ನು ಹಾಗೆಯೇ ಎತ್ತಿ ತಂದರೆ ಇಲ್ಲಿಗೆ ಕೂರದು, ನಮ್ಮವರು ವೈದ್ಯರ ಬಳಿ ಮನೆಯ ಹಿರಿಯರ ಬಳಿಗೆ ಬಂದಂತೆ ಬರುತ್ತಾರೆ, ನೇರವಾದ ನೆರವು ಬಯಸುತ್ತಾರೆ ಎಂಬುದು ಅವರ ವಾದದ ಸಾರ. ಡಾ. ಜೆ. ಎಸ್. ನೇಕಿ ಅವರು 1973ರಲ್ಲಿ, ನಮ್ಮಲ್ಲಿ ಚಿಕಿತ್ಸೆಯ ನಂಟಿಗೆ ಗುರುಶಿಷ್ಯ ಸಂಬಂಧವೇ ಮಾದರಿಯಾಗಬಹುದು ಎಂದರು. ಒಬ್ಬ ಟೀಚರಾಗಿ ನನಗೆ ಇದು ಪೂರ್ತಿ ಒಪ್ಪಿಗೆಯಿಲ್ಲ. ಗುರುವಿನ ಎದುರು ಶಿಷ್ಯ ಎಷ್ಟು ಸುಳ್ಳು ಹೇಳುತ್ತಾನೆಂದು ನನಗೆ ಗೊತ್ತು. ಅಮೃತಸರದ ಡಾ. ವಿದ್ಯಾಸಾಗರ್ ಅವರ ದಾರಿ ನನಗೆ ಇನ್ನೂ ಹತ್ತಿರ. 1950ರ ದಶಕದಲ್ಲಿ ಅವರು ಮಾನಸಿಕ ಆಸ್ಪತ್ರೆಯ ಆವರಣದಲ್ಲಿ ಡೇರೆ ಹಾಕಿಸಿ ರೋಗಿಯ ಮನೆಯವರನ್ನೂ ಅಲ್ಲೇ ಇರಿಸಿಕೊಂಡರು. ಕರೆತಂದವರಿಗೆ ಅರ್ಥವಾಗದ ಚಿಕಿತ್ಸೆ ರೋಗಿಗೆ ದಕ್ಕದು ಎಂಬುದನ್ನು ಅವರು ಕಂಡುಕೊಂಡಿದ್ದರು.

ಮಾರಿಸ್ ಕಾರ್‌ಸ್ಟೇರ್ಸ್ ಮತ್ತು ಆರ್. ಎಲ್. ಕಪೂರ್ ಅವರು ನಮ್ಮ ಕರಾವಳಿಯ ಕೋಟದಲ್ಲಿ ಜನರ ಮನಸ್ಸಿನ ತೊಂದರೆಗಳನ್ನು ಅಧ್ಯಯನ ಮಾಡಿ 1976ರಲ್ಲಿ ಪುಸ್ತಕ ತಂದರು. ಅಲ್ಲಿನವರು ವೈದ್ಯರು, ಮಂತ್ರವಾದಿ, ಪಾತ್ರಿ ಎಂದು ಎಲ್ಲರ ಬಳಿಗೂ ಹೋಗುತ್ತಿದ್ದರು, ಒಬ್ಬರನ್ನು ಕಂಡದ್ದರಿಂದ ಇನ್ನೊಬ್ಬರನ್ನು ಬಿಡುತ್ತಿರಲಿಲ್ಲ. ನನ್ನ ತಾಯಿಯ ತವರು ಅದೇ ಸೀಮೆ. ಚಿಕ್ಕವಳಿದ್ದಾಗ ದರ್ಶನವೊಂದನ್ನು ನೋಡಿದ್ದೇನೆ. ಮೈಮೇಲೆ ಬಂದ ಪಾತ್ರಿಯ ಮುಂದೆ ಮನೆಮಂದಿಯೆಲ್ಲ ಕೈಮುಗಿದು ನಿಂತಿದ್ದರು. ಕಷ್ಟ ಕೇಳಿದ್ದೂ ಆಯಿತು, ಕಾರಣ ಹೇಳಿದ್ದೂ ಆಯಿತು, ಮಾಡಬೇಕಾದ್ದನ್ನು ವಿಧಿಸಿದ್ದೂ ಆಯಿತು, ಎಲ್ಲ ಒಂದೇ ರಾತ್ರಿಯಲ್ಲಿ. ಮುಂದಿನ ಗುರುವಾರ ಬನ್ನಿ ಎನ್ನುವವರನ್ನು ಜನ ಇದರೊಡನೆ ತೂಗಿ ನೋಡುತ್ತಾರೆ. ಪಾತ್ರಿಯನ್ನು ನಂಬಿ ಎಂದು ನಾನು ಹೇಳುತ್ತಿಲ್ಲ. ತಕ್ಕಡಿಯ ಇನ್ನೊಂದು ತಟ್ಟೆಯಲ್ಲಿ ಏನಿದೆ ಎಂಬುದು ನಮ್ಮ ಆಪ್ತಸಲಹೆಗಾರರಿಗೆ ಗೊತ್ತಿರಬೇಕು. 2022ರ ಅಕ್ಟೋಬರಿನಲ್ಲಿ ಸರ್ಕಾರ ಟೆಲಿ ಮಾನಸ್ ಎಂಬ ದೂರವಾಣಿ ಸೇವೆ ಆರಂಭಿಸಿತು. 14416ಕ್ಕೆ ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು. ಬಸ್ ಚಾರ್ಜು ಉಳಿಯಿತು, ಕೂಲಿಯೂ ಉಳಿಯಿತು. ಉಳಿದ ಕಾರಣಗಳು ಫೋನಿನಲ್ಲಿಯೂ ಇದ್ದೇ ಇರುತ್ತವೆ.

2019ರಲ್ಲಿ ಆ ಹುಡುಗಿ ನನಗೆ ಬಸ್ ನಿಲ್ದಾಣದಲ್ಲಿ ಸಿಕ್ಕಳು. ಕಂಕುಳಲ್ಲಿ ಮಗು. ಮಾತು ಬಿಟ್ಟಿದ್ದವಳೇ ಇವಳು ಎನ್ನುವಷ್ಟು ಮಾತು. ಅಳುಕುತ್ತಲೇ ಆ ಗುರುವಾರಗಳ ವಿಷಯ ಎತ್ತಿದೆ.

"ಎರಡನೇ ಸಲ ಹೋದಾಗ ಅವ್ರು ಅಪ್ಪನ ಬಗ್ಗೆ ಕೇಳಿದ್ರು ಮಿಸ್. ಅಪ್ಪ ಆವತ್ತು ನೀರು ಕೇಳಿದ್ದ, ನಾನು ಓದ್ತಿದ್ದೆ, ಎದ್ದಿರ್ಲಿಲ್ಲ. ಅದನ್ನ ಹೇಳ್ದೆ. ತುಂಬಾ ಅತ್ತೆ. ಬರುವಾಗ ಬಸ್ಸಲ್ಲಿ ಅಮ್ಮನ ತೊಡೆ ಮೇಲೆ ನಿದ್ದೆ ಬಂದ್ಬಿಡ್ತು. ಸಾಕು, ಇನ್ ಹೋಗೋದು ಬೇಡ ಅಂತ ನಾನೇ ಅಮ್ಮಂಗೆ ಹೇಳ್ದೆ."

"ನಿಮ್ಮಮ್ಮ ನನಗೆ ಕೂಲಿ ಹೋಗುತ್ತೆ ಅಂದಿದ್ದಳಲ್ಲೇ?"

"ನೀವು ನಂಗೆ ಬೈತೀರಾ ಅಂತ ಹಂಗಂದಿದ್ಲು" ಎಂದು ನಕ್ಕಳು. ಅಷ್ಟರಲ್ಲಿ ಅವಳ ಬಸ್ಸು ಬಂತು.

ಆ ಭಾನುವಾರ ಅವರ ಮನೆಗೆ ಹೋದೆ. ತಾಯಿಯ ತಲೆ ನೆರೆತಿತ್ತು. ಹತ್ತು ವರ್ಷದ ಹಿಂದೆ ನಾನು ಆಡಿದ ಮಾತನ್ನು ನೆನಪಿಸಿ ತಪ್ಪಾಯಿತು ಎಂದೆ. ಅಂಥದ್ದೇನೂ ತನಗೆ ನೆನಪೇ ಇಲ್ಲ ಎಂದಳು. ಆಮೇಲೆ ಒಳಗೆ ಹೋಗಿ, ಪಕ್ಕದ ಮನೆಯಿಂದ ಹಾಲು ತರಿಸಿ, ಕಾಫಿ ಮಾಡಿಕೊಟ್ಟಳು.